ಹೊಳೆಯ ಕಡೆಯ ಗ್ಯಾಲರಿ

ಜುಗೂಳದ ನಮ್ಮ ಮನೆಯ ಮೇಲ್ಮಾಳಿಗೆಯಲ್ಲಿ ಒಂದು ಬಾಗಿಲಿತ್ತು. ಅದರಾಚೆ ಏನೂ ಇರಲಿಲ್ಲ. ತೆರೆದರೆ ಎದುರಿಗೆ ಕೃಷ್ಣಾ ಹೊಳೆ, ಹೊಳೆಯಾಚೆ ಕಬ್ಬು, ಎರಡಾಳು ಕೆಳಗೆ ಅರಿವೆ ಒಗೆಯುವ ಕಲ್ಲುಗಳು. ಆದರೆ ಯಾರೂ ತೆರೆಯುತ್ತಿರಲಿಲ್ಲ. ಅಪ್ಪ ಎರಡೂ ಕದಗಳಿಗೆ ಅಡ್ಡವಾಗಿ ಕಟ್ಟಿಗೆಯ ಪಟ್ಟಿಯಿಟ್ಟು ನಾಲ್ಕು ಮೊಳೆ ಜಡಿದಿದ್ದ. ನಾವು ಮನೆಯಲ್ಲಿ ಐದು ಜನ. ಅಪ್ಪ, ಅವ್ವ, ಅಪ್ಪನ ಅಣ್ಣನಾದ ದೊಡ್ಡಪ್ಪ, ಅವರಿಬ್ಬರ ತಾಯಿ ಆಯಿ, ಮತ್ತೆ ನಾನು. ಅಣ್ಣತಮ್ಮಂದಿರು ಕೂಡಿಯೇ ಕಬ್ಬು, ದ್ರಾಕ್ಷಿ ಮಾಡುತ್ತಿದ್ದರು. ಆರನೆಯವಳಾದ ದೊಡ್ಡವ್ವ, ದೊಡ್ಡಪ್ಪನ ಹೆಂಡತಿ ರತ್ನವ್ವ, ಆ ಬಾಗಿಲಿನಿಂದ ಹೊರಗೆ ಹೋಗಿ ತಿರುಗಿ ಬಂದಿರಲಿಲ್ಲ.

ಮೊದಲು ಅಲ್ಲಿ ಒಂದು ಕಟ್ಟಿಗೆಯ ಗ್ಯಾಲರಿ ಇತ್ತು. ಅಜ್ಜನ ಕಾಲದ್ದು. ಗೋಡೆಯಿಂದ ಹೊಳೆಯ ಕಡೆಗೆ ಚಾಚಿಕೊಂಡು, ಹೊರತುದಿಗೆ ಎರಡು ಕಂಬದ ಆಸರೆಯಲ್ಲಿ ನಿಂತಿತ್ತು. ದೊಡ್ಡವ್ವನಿಗೆ ಮಕ್ಕಳಿರಲಿಲ್ಲ. ಶಾವಿಗೆ ಒಣಗಿಸುವುದು, ಹೆಸರುಕಾಳು ಆರಿಸುವುದು, ನನ್ನ ತಲೆ ಹಿಕ್ಕುವುದು ಎಲ್ಲ ಅವಳು ಅಲ್ಲಿಯೇ ಮಾಡುತ್ತಿದ್ದಳು. ಕೊನೆಕೊನೆಗೆ ಅವಳಿಗೊಂದು ಅಭ್ಯಾಸ ಬಿದ್ದಿತ್ತು. ನನ್ನನ್ನು ಹೊಸ್ತಿಲೊಳಗೇ ನಿಲ್ಲಿಸಿ, ತಾನೊಬ್ಬಳೇ ಮೊದಲು ಹೋಗಿ, ಒಂದೊಂದು ಹಲಗೆಯ ಮೇಲೂ ಹಿಮ್ಮಡಿ ಊರಿ ನೋಡುತ್ತಿದ್ದಳು. ಟಕ್, ಟಕ್, ಟಕ್. ಆಮೇಲೆ ಸ್ವಲ್ಪ ತಡೆದು ಮತ್ತೆ ಟಕ್, ಟಕ್. ಹೊರತುದಿಯವರೆಗೆ ಹೋಗಿ, ಹಾಗೆಯೇ ಊರುತ್ತ ಬಾಗಿಲಿಗೆ ಬಂದು, "ಬಾ ಇನ್ನ" ಎಂದು ನನ್ನ ಕೈ ಹಿಡಿಯುತ್ತಿದ್ದಳು. ನನಗೆ ಅದು ಆಟದಂತೆ ಕಾಣುತ್ತಿತ್ತು.

ನಮ್ಮದು ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ಅವಳು ಬೀಳುವ ಹಿಂದಿನ ದಿನ ಸಂಜೆ ಎಲ್ಲರೂ ಪಡಸಾಲೆಯಲ್ಲಿ ಉಣ್ಣಲು ಕೂತಿದ್ದೆವು. ಟಿವಿ ಹಚ್ಚಿತ್ತು. ದೊಡ್ಡವ್ವ ರೊಟ್ಟಿ ಬಡಿಸುತ್ತ ದೊಡ್ಡಪ್ಪನಿಗೆ ಹೇಳಿದಳು:

"ಗ್ಯಾಲರಿ ಗ್ವಾಡಿ ಕಡೆ ಸಡ್ಲ ಆಗೇತ್ರಿ. ಕಾಲಿಟ್ರ ಕೆಳಗ ಇಳದಂಗ ಆಕ್ಕೈತಿ. ಬಡಿಗ್ಯಾರನ್ನ ಕರಸ್ರಿ."

"ಗ್ಯಾಲರಿಗಿ ಏನೂ ಆಗಿಲ್ಲ," ಎಂದ ದೊಡ್ಡಪ್ಪ, ಟಿವಿಯಿಂದ ಕಣ್ಣು ತೆಗೆಯದೆ. "ನೀನ ದಪ್ಪ ಆಗೀದಿ. ಎರಡ್ ರೊಟ್ಟಿ ಕಮ್ಮಿ ತಿನ್ನು, ತಾನ ಗಟ್ಟಿ ಆಕ್ಕೈತಿ."

ಎಲ್ಲರೂ ನಕ್ಕರು. ಅಪ್ಪ ನಕ್ಕ, ಆಯಿ ಬೊಚ್ಚು ಬಾಯಿ ಮುಚ್ಚಿಕೊಂಡು ನಕ್ಕಳು, ಒಲೆಯ ಮುಂದಿನಿಂದ ಅವ್ವನೂ ನಕ್ಕಿದ್ದು ಕೇಳಿಸಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ನನಗಾಗ ಏಳು ವರ್ಷ. ದೊಡ್ಡವ್ವನೂ ನಗುವಂತೆ ಮಾಡಿ, ಮಜ್ಜಿಗೆ ತರಲು ಒಳಗೆ ಹೋದಳು. ಯಾರಾದರೂ ಏನಾದರೂ ಸಡಿಲಾಗಿದೆ ಎಂದರೆ ಇವತ್ತಿಗೂ ನನಗೆ ನಗು ಬರುವುದಿಲ್ಲ. ಹೆಂಗಸೊಬ್ಬಳು ತನ್ನ ಮನೆಯ ಬಗ್ಗೆ ಒಂದು ಮಾತು ಹೇಳಿದಾಗ ಅದನ್ನು ಅವಳ ಮೈಯ ಬಗೆಗಿನ ಮಾತಾಗಿ ತಿರುಗಿಸುವುದು ಎಷ್ಟು ಸುಲಭ ಎಂಬುದನ್ನು ನಾನು ಅಂದೇ ನೋಡಿದೆ. ಅರ್ಥವಾಗಲು ಮಾತ್ರ ಬಹಳ ವರ್ಷ ಬೇಕಾಯಿತು.

ಮರುದಿನ ಮಧ್ಯಾಹ್ನ ಗಂಡಸರು ಉಣ್ಣಲು ಕೂತ ಹೊತ್ತಿಗೆ ಗ್ಯಾಲರಿ ದೊಡ್ಡವ್ವನ ಸಮೇತ ಗೋಡೆಯಿಂದ ಕಿತ್ತುಕೊಂಡು ಕೆಳಗೆ ಹೋಯಿತು. ನಾನು ಹೊಸ್ತಿಲೊಳಗೆ ತಲೆ ಹಿಕ್ಕುವ ಹಣಿಗೆ ಹಿಡಿದುಕೊಂಡು ನಿಂತಿದ್ದೆ. ಕೂಗು ಕೇಳಲಿಲ್ಲ. ಕಟ್ಟಿಗೆಯ ಸದ್ದು ಮಾತ್ರ ಕೇಳಿತು. ಎದುರಿಗೆ ಇದ್ದಕ್ಕಿದ್ದಂತೆ ಹೊಳೆ ದೊಡ್ಡದಾಗಿ ಕಂಡಿತು. ನಾನು ಮೆಟ್ಟಿಲಿಳಿದು ಹೋಗಿ ಜೋಳದ ಕಣಜದ ಹಿಂದೆ ಕೂತೆ. ಸಂಜೆಗೆ ಯಾರೋ ನನ್ನನ್ನು ಹುಡುಕಿ ತೆಗೆದರು. ನಾನು ಅಲ್ಲಿಯೇ ಮಲಗಿದ್ದೆ ಎಂದುಕೊಂಡರು. ನಾನೂ ಹಾಗೆಯೇ ಇರಲಿ ಎಂದು ಬಿಟ್ಟೆ.

ಆಮೇಲೆ ಬಾಗಿಲಿಗೆ ಮೊಳೆ ಬಿತ್ತು. ದೊಡ್ಡಪ್ಪ ಮಾಳಿಗೆ ಹತ್ತುವುದನ್ನೇ ಬಿಟ್ಟ. ಒಂದು ವರ್ಷ ಕಳೆದಿರಬೇಕು, ಮಧ್ಯಾಹ್ನದ ಊಟದ ಹೊತ್ತಿಗೆ ಮೇಲಿನಿಂದ ಸದ್ದು ಬರತೊಡಗಿತು. ಟಕ್, ಟಕ್, ಟಕ್. ತಡೆದು ಟಕ್, ಟಕ್. ಅದು ಮನೆಯೊಳಗಿನಿಂದ ಬರುತ್ತಿರಲಿಲ್ಲ, ಬಾಗಿಲಿನ ಆ ಕಡೆಯಿಂದ ಬರುತ್ತಿತ್ತು. ಮೊದಲು ಕೇಳಿಸಿಕೊಂಡವಳು ಆಯಿ. ನಮ್ಮ ಧರ್ಮದಲ್ಲಿ ಸತ್ತ ಜೀವ ಒಂದು ಕ್ಷಣವೂ ಕಾಯುವುದಿಲ್ಲ, ಆಗಲೇ ಇನ್ನೊಂದು ದೇಹ ಹಿಡಿದುಬಿಡುತ್ತದೆ. ಎಪ್ಪತ್ತು ವರ್ಷ ಬಸ್ತಿಗೆ ನಡೆದ ಆಯಿಗೆ ಅದು ಗೊತ್ತಿತ್ತು. ಅದಕ್ಕೇ ಅವಳಿಗೆ ಹೆದರಿಕೆಗಿಂತ ಗೊಂದಲ ಹೆಚ್ಚಾಗಿತ್ತು. ಬಾಗಿಲ ಮುಂದೆ ಕೂತು ಹೇಳುತ್ತಿದ್ದಳು:

"ಹೋಗಬೇಕಾಗಿತ್ತಲ್ಲ ನೀನು. ಯಾಕ ನಿಂತಿ? ಅಲ್ಲಿ ನಿಂದರಾಕರ ಏನೈತಿ, ಕಾಲ ಎಲ್ಲಿ ಊರ್ತಿ?"

ಅವ್ವನಿಗೆ ಇದು ಸರಿಬರುತ್ತಿರಲಿಲ್ಲ. ಅವ್ವನ ತವರು ಉಗಾರ ಖುರ್ದ. ಅವಳ ಅಪ್ಪ ಅಲ್ಲಿನ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದ. ನಟ್ಟು, ಬೋಲ್ಟು, ಅವನ್ನು ಬಿಗಿಯುವ ಪಾನಾಗಳ ನಡುವೆ ಬೆಳೆದವಳು ಅವಳು. ಯಾವ ಸದ್ದಿಗೂ ಒಂದು ಕಾರಣವಿರುತ್ತದೆ, ಎಣ್ಣೆ ಬಿಡಬೇಕು ಇಲ್ಲವೇ ಬಿಗಿ ಮಾಡಬೇಕು ಎನ್ನುವುದು ಅವಳ ನಂಬಿಕೆ.

"ಗ್ವಾಡ್ಯಾಗ ಹಳೇ ತೊಲಿ ಮೋಟ ಉಳದೈತ್ರಿ ಅತ್ತಿ," ಎಂದು ಆಯಿಗೆ ತಿಳಿಹೇಳಿದಳು. "ಮಧ್ಯಾಹ್ನದ ಬಿಸಲಿಗೆ ಕಾದು ಸಪ್ಪಳ ಮಾಡ್ತೈತಿ. ಅಷ್ಟ."

ನಾನು ಯಾರ ಮಾತನ್ನೂ ಅಲ್ಲಗಳೆಯಲಿಲ್ಲ. ಆದರೆ ಆ ಸದ್ದು ಯಾರದೆಂದು ನನಗೆ ಗೊತ್ತಿತ್ತು. ಶಾಲೆಗೆ ರಜೆ ಇದ್ದ ದಿನ ನಾನೂ ಬಾಗಿಲ ಈಚೆ ನಿಂತು ನೆಲಕ್ಕೆ ಹಿಮ್ಮಡಿ ಊರುತ್ತಿದ್ದೆ. ಮೂರು ಸಲ ಊರಿದರೆ ಆ ಕಡೆಯಿಂದ ಎರಡು ಸಲ ಬರುತ್ತಿತ್ತು. ಒಂದು ದಿನ ಅವ್ವ ಮೇಲೆ ಬಂದಾಗ ನಾನು ತೆಂಗಿನಕಾಯಿ ಸುಲಿಯುವ ಕಬ್ಬಿಣದಿಂದ ಮೊಳೆ ಕೀಳುತ್ತಿದ್ದೆ. ನಾಲ್ಕರಲ್ಲಿ ಮೂರು ನನ್ನ ಲಂಗದ ಮಡಿಲಲ್ಲಿದ್ದವು. ಅವ್ವ ಬಯ್ಯಲಿಲ್ಲ. ನನ್ನ ತೋಳು ಹಿಡಿದು ಬಾಗಿಲಿನಿಂದ ಹಿಂದಕ್ಕೆ ಎಳೆದಳು.

"ಎದಕ್ಕ ಕೀಳಾಕತ್ತಿದ್ದಿ?"

"ಬಾ ಇನ್ನ ಅಂತ ಕರೀಲಿ ಅಂತ ಕಾಯಾಕತ್ತಿದ್ನಿ."

ಆ ಸಂಜೆಯ ಊಟದಲ್ಲಿ ದೊಡ್ಡ ಜಗಳವಾಯಿತು. ಬಾಗಿಲಿಗೆ ಇಟ್ಟಂಗಿ ಕಟ್ಟಿ ಮುಚ್ಚಿಬಿಡೋಣ ಎಂದ ಅಪ್ಪ. ಮುಚ್ಚಕೂಡದು, ಅಕಿ ಬರುವ ದಾರಿ ಅದೊಂದೇ ಎಂದು ಆಯಿ ಅಳತೊಡಗಿದಳು. ಅವ್ವ ಎಲ್ಲರೂ ಸುಮ್ಮನಾಗುವವರೆಗೆ ಕಾದು, ಬೇರೆಯೇ ಮಾತು ತೆಗೆದಳು.

"ಗ್ಯಾಲರಿ ಕಟ್ಟೂಣು. ಗಟ್ಟಿಮುಟ್ಟಾಗಿ ಕಟ್ಟೂಣು. ಇಟ್ಟಂಗಿ ಇಟ್ರ ಈ ಹುಡುಗಿ ನಾಳೆ ಅದನ್ನೂ ಕೆದರ್ತಾಳ. ಬಾಗಿಲದ ಮುಂದ ನೆಲ ಇದ್ರ ಅಂಜಿಕಿ ಇಲ್ಲ. ಹೊಳಿ ಊರಾಗ ಬಂದ್ರ ಮ್ಯಾಲಿಂದ ದೋಣಿಗಿ ಇಳಿಯಾಕ ಇನ್ನೊಂದ್ ದಾರಿನೂ ಆಕ್ಕೈತಿ."

ದೊಡ್ಡಪ್ಪ ಅಷ್ಟು ಹೊತ್ತೂ ತಲೆ ಎತ್ತಿರಲಿಲ್ಲ. ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿಟ್ಟ.

"ಕಟ್ಟೂದಾದ್ರ ಕಟ್ಟ್ರಿ. ನನ್ನ ಮ್ಯಾಲ ಕರೀಬ್ಯಾಡ್ರಿ."

ಕಾಗವಾಡದಿಂದ ಕಲ್ಲಪ್ಪ ಬಡಿಗೇರ ಬಂದ. ವಯಸ್ಸಾದವನು, ಕಿವಿಯ ಮೇಲೆ ಯಾವಾಗಲೂ ಪೆನ್ಸಿಲು. ಮೊದಲ ಕೆಲಸ ಗೋಡೆಯಲ್ಲಿ ಉಳಿದಿದ್ದ ತೊಲೆಯ ಮೋಟನ್ನು ಕೀಳುವುದು. ಕೆಳಗಿನಿಂದ ಏಣಿ ಹಚ್ಚಿ ಹತ್ತಿ, ಹಾರೆಯಿಂದ ಮೀಟಿದಾಗ ಅದು ಕಟ್ಟಿಗೆಯಂತೆ ಬರಲಿಲ್ಲ, ತೌಡಿನಂತೆ ಉದುರಿತು. ಗೋಡೆಗೂ ತೊಲೆಗೂ ನಡುವಿನ ಸಂದಿನಲ್ಲಿ ವರ್ಷಗಟ್ಟಲೆ ಮಳೆನೀರು ಇಳಿದಿತ್ತು. ಇಡೀ ಗ್ಯಾಲರಿಯನ್ನು ಗೋಡೆಗೆ ಹಿಡಿದಿಟ್ಟಿದ್ದುದು ಬರೀ ಮೊಳೆಗಳು. ಕಲ್ಲಪ್ಪ ಸಂದಿನೊಳಗೆ ಕೈ ಹಾಕಿ ಒಂದೊಂದಾಗಿ ಏನೇನೋ ತೆಗೆದು ಕೆಳಗೆ ಎಸೆಯತೊಡಗಿದ. ಮಡಿಸಿ ಮಡಿಸಿ ತುರುಕಿದ್ದ ಹಸಿರು ಸೀರೆಯ ಚೂರುಗಳು. ಚಾಕುವಿನಿಂದ ಕೆತ್ತಿದ ಬೆಣೆಗಳು. ಅರ್ಧ ಲಟ್ಟಣಿಗೆ. ಹರಿದ ಚಪ್ಪಲಿಯ ಚರ್ಮ. ಅವ್ವ ಅವನ್ನು ಆರಿಸಿ ಒಗೆಯುವ ಕಲ್ಲಿನ ಮೇಲೆ ಸಾಲಾಗಿ ಇಟ್ಟಳು. ಸಾಲು ಬೆಳೆಯುತ್ತಲೇ ಹೋಯಿತು.

"ಯಾರೋ ಭಾಳ ದಿನದಿಂದ ಇದಕ್ಕ ಬೆಣಿ ಹೊಡಕೋತ ಬಂದಾರ್ರಿ," ಎಂದ ಕಲ್ಲಪ್ಪ ಏಣಿಯ ಮೇಲಿನಿಂದ. "ಬಡಿಗ್ಯಾನ ಕೈ ಅಲ್ಲ ಇದು. ಪಾಪ, ಅರಿವಿ ನೀರ ಹಿಡಕೊಂಡು ಕಟಗಿ ಇನ್ನಷ್ಟ ಕೊಳತೈತಿ."

ಸೀರೆಯ ಚೂರುಗಳನ್ನು ನಾನು ಗುರುತಿಸಿದೆ. ಅವ್ವನೂ ಗುರುತಿಸಿದಳು. ಯಾರೂ ಕೇಳದೇ ಹೋದಾಗ ದೊಡ್ಡವ್ವ ತಾನೇ, ತನ್ನ ಅಡುಗೆಮನೆಯ ಸಾಮಾನಿನಿಂದ, ಗ್ಯಾಲರಿಯನ್ನು ಗೋಡೆಗೆ ಹಿಡಿದಿಡಲು ನೋಡಿದ್ದಳು. ಎಷ್ಟು ತಿಂಗಳು ಹಾಗೆ ಮಾಡಿದಳೋ. ತಿರುಗಿ ನೋಡಿದರೆ ದೊಡ್ಡಪ್ಪ ಹಿತ್ತಲ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ ಗೊತ್ತಿಲ್ಲ. ಕಲ್ಲಿನ ತನಕ ಬಂದು, ಒಂದು ಬೆಣೆಯನ್ನು ಎತ್ತಿಕೊಂಡು, ಹೆಬ್ಬೆರಳಿನಿಂದ ಅದರ ಮೊನೆಯನ್ನು ಸವರಿ, ಅಂಗಿಯ ಕಿಸೆಗೆ ಹಾಕಿಕೊಂಡು ಹೊಲಕ್ಕೆ ಹೋದ.

ಅವ್ವ ಆ ಗ್ಯಾಲರಿ ಕಟ್ಟಿಸಿದ ರೀತಿಯನ್ನು ನಾನು ಬೇಕಾದರೆ ಇವತ್ತೂ ಬರೆದು ತೋರಿಸಬಲ್ಲೆ. ಗೋಡೆಯನ್ನೇ ನಂಬುವುದು ಬೇಡವೆಂದು ಗೋಡೆಯ ಪಕ್ಕಕ್ಕೂ ಎರಡು ಕಂಬ ನಿಲ್ಲಿಸಿದಳು. ನಾಲ್ಕು ಕಂಬಕ್ಕೂ ಗಟ್ಟಿ ಗರಸು ಮಣ್ಣು ಸಿಗುವ ತನಕ ತಗ್ಗು ತೋಡಿಸಿ ಕಾಂಕ್ರೀಟು ಹಾಕಿಸಿದಳು. ಕಂಬದ ಬುಡ ಮಣ್ಣಿಗೆ ತಾಗದಂತೆ ಕಲ್ಲಿನ ಮೇಲೆ ಕೂರಿಸಿದಳು. ಮೀರಜದಿಂದ ತರಿಸಿದ ಉದ್ದನೆಯ ಬೋಲ್ಟುಗಳು ಗೋಡೆಯನ್ನು ತೂರಿ ಮನೆಯೊಳಗೆ ಬಂದವು. ಒಳಗೆ ಕಬ್ಬಿಣದ ಪಟ್ಟಿಯಿಟ್ಟು ನಟ್ಟು ಬಿಗಿಸಿದರು. ತೊಲೆಯ ತಲೆಯ ಮೇಲೆ ತಗಡು ಬಗ್ಗಿಸಿ, ಅದರ ಅಂಚನ್ನು ಗೋಡೆಯೊಳಕ್ಕೆ ಸೇರಿಸಿ, ಸಂದಿಗೆ ಒಂದು ಹನಿಯೂ ಇಳಿಯದಂತೆ ಮಾಡಿದರು. ಹಲಗೆಗಳ ನಡುವೆ ನನ್ನ ಕಿರುಬೆರಳಿನಷ್ಟು ಸಂದು ಬಿಟ್ಟರು, ಮಳೆನೀರು ನಿಲ್ಲದೆ ಸೋರಿಹೋಗಲಿ ಎಂದು. ಮೊಳೆಯೇ ಸಾಕು ಎಂದು ಕಲ್ಲಪ್ಪ ಒಂದೆರಡು ಕಡೆ ಗೊಣಗಿದ. "ಮೊಳಿ ಜಗ್ಗಿದ್ರ ಬರ್ತೈತಿ ಕಲ್ಲಪ್ಪಾ, ಬೋಲ್ಟ್ ಬರೂದಿಲ್ಲ" ಎಂದು ಅವ್ವ ಅವನ ಕೈಗೆ ಪಾನಾ ಕೊಟ್ಟಳು. ಅಂಚಿಗೆ ತಡೆಯಾಗಿ ಹಾಕಿದ ಕಟಾಂಜನದ ಪಟ್ಟಿಗಳಿಗೆ ಅಳತೆಗೋಲು ನನ್ನ ತಲೆ. "ತೂರಸು ನೋಡೂಣು" ಎನ್ನುತ್ತಿದ್ದಳು. ತೂರಿದರೆ ಪಟ್ಟಿ ಕಿತ್ತು ಹತ್ತಿರ ಹೊಡೆಸುತ್ತಿದ್ದಳು. ಸಂಜೆಯ ಹೊತ್ತಿಗೆ ನನ್ನ ಎರಡೂ ಕಿವಿ ಕೆಂಪಾಗಿದ್ದವು.

ಮೋಟು ಕಿತ್ತ ದಿನದಿಂದ ಸದ್ದು ನಿಂತಿತ್ತು. ಕೆಲಸ ನಡೆದ ಅಷ್ಟೂ ದಿನ ಮಧ್ಯಾಹ್ನಗಳು ಸುಮ್ಮನೆ ಕಳೆದವು. ಅವ್ವ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಗೆದ್ದ ಹಾಗೆ ಓಡಾಡುತ್ತಿದ್ದಳು. ಆಯಿ ಮಂಕಾದಳು. ನನಗೂ ಏನೋ ಕಳೆದುಕೊಂಡಂತಿತ್ತು.

ಕೆಲಸ ಮುಗಿದ ಮೇಲೂ ಅವ್ವ ಯಾರನ್ನೂ ಗ್ಯಾಲರಿಗೆ ಬಿಡಲಿಲ್ಲ. ಹೊಳೆಯ ಉಸುಕನ್ನು ಚೀಲಗಳಲ್ಲಿ ತುಂಬಿಸಿ ಹಲಗೆಗಳ ಮೇಲೆ ಎರಡು ಸಾಲು ಒಟ್ಟಿಸಿದಳು. ಮೂರು ದಿನ ಆ ಭಾರ ಹೊತ್ತು ನಿಂತರೆ ಮನುಷ್ಯರನ್ನೂ ಹೊರುತ್ತದೆ ಎನ್ನುವುದು ಅವಳ ಲೆಕ್ಕ. ನಡುತೊಲೆಯಿಂದ ಒಂದು ದಾರ ಇಳಿಬಿಟ್ಟು, ತುದಿಗೆ ಕಲ್ಲು ಕಟ್ಟಿ, ಅದರ ಕೆಳಗೆ ಒಂದು ಚಪ್ಪಡಿಯಿಟ್ಟಳು. ಎರಡರ ನಡುವೆ ಬರೀ ಒಂದು ಬೆರಳಿನ ಅಂತರ. ತೊಲೆ ಬಗ್ಗಿದರೆ ಕಲ್ಲು ಚಪ್ಪಡಿಗೆ ತಾಗಬೇಕು. ಬಾಗಿಲಿಗೆ ಹೊಸ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೊದಲ ದಿನ ಕಲ್ಲು ತಾಗಲಿಲ್ಲ. ಎರಡನೆಯ ದಿನವೂ ತಾಗಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಐದೂ ಜನ ಕೆಳಗೆ ಊಟಕ್ಕೆ ಕೂತಿದ್ದೆವು. ಗಾಳಿ ಇರಲಿಲ್ಲ. ಕರೆಂಟು ಹೋಗಿದ್ದರಿಂದ ಫ್ಯಾನೂ ನಿಂತಿತ್ತು. ಅವ್ವ ಝುಣಕ ಬಡಿಸುತ್ತಿದ್ದಳು. ಆಗ ಕೇಳಿತು. ಟಕ್, ಟಕ್, ಟಕ್. ಸ್ವಲ್ಪ ತಡೆದು ಟಕ್, ಟಕ್.

ಈ ಸಲ ಅದು ಗೋಡೆಯೊಳಗಿನ ಸದ್ದಾಗಿರಲಿಲ್ಲ. ಹೊಸ ಹಲಗೆಗಳ ಮೇಲೆ, ಹೊಳೆಯ ಕಡೆಯ ತುದಿಯಿಂದ ಬಾಗಿಲ ಕಡೆಗೆ, ಒಂದು ಹಲಗೆಯನ್ನೂ ಬಿಡದೆ ಬರುತ್ತಿತ್ತು. ಉಸುಕಿನ ಚೀಲದ ಸಾಲು ಬಂದಲ್ಲಿ ನಿಂತು, ಪಕ್ಕಕ್ಕೆ ಸರಿದು, ಮತ್ತೆ ಮುಂದುವರಿಯಿತು. ಕೊನೆಗೆ ಬಾಗಿಲ ಹತ್ತಿರ ನಿಂತಿತು. ಅವ್ವನ ಕೈಯಲ್ಲಿ ಸೌಟು ಹಾಗೆಯೇ ಇತ್ತು. ಇನ್ನೊಂದು ಕೈ ಸೊಂಟದ ಕೀಲಿಯನ್ನು ಮುಟ್ಟಿ ನೋಡಿಕೊಂಡಿತು. ಆಮೇಲೆ ಸೌಟು ಕೆಳಗಿಟ್ಟು ಹಿತ್ತಲಿಗೆ ಓಡಿದಳು. ತಿರುಗಿ ಬಂದಾಗ ಅವಳ ಮುಖ ಬಿಳುಚಿತ್ತು. ನಾನು ಅವ್ವ ಹೆದರಿದ್ದನ್ನು ನೋಡಿದ್ದು ಅದೇ ಮೊದಲು.

"ಏನಾತು?" ಎಂದ ಅಪ್ಪ.

"ಕಲ್ಲ ತೂಗಾಕತ್ತೈತಿ," ಎಂದಳು.

ದೊಡ್ಡಪ್ಪ ಎದ್ದು ನಿಂತ. ಎಂಜಲುಗೈಯನ್ನು ಧೋತರಕ್ಕೆ ಒರೆಸಿ, ಆ ಕೈಯನ್ನು ಅವ್ವನ ಮುಂದೆ ಚಾಚಿದ. ಅವಳು ಕೀಲಿ ಕೊಟ್ಟಳು. ಅವನು ಮೆಟ್ಟಿಲು ಹತ್ತಿದ. ಯಾರೂ ಅವನ ಹಿಂದೆ ಹೋಗಲಿಲ್ಲ. ನಾನು ಹೋದೆ. ಯಾಕೆ ಹೋದೆ ಎಂದು ಕೇಳಿದರೆ ಹೇಳಲಾರೆ. ಎರಡು ವರ್ಷದಿಂದ ಆ ಮೆಟ್ಟಿಲು ತುಳಿಯದವನು ಗೋಡೆ ಹಿಡಿದು ಹಿಡಿದು ಹತ್ತುತ್ತಿದ್ದ. ಮೇಲೆ ಬಂದು ಬೀಗ ತೆಗೆದು ಕದ ದೂಡಿದ. ಬಿಸಿಲು ಕಣ್ಣಿಗೆ ಹೊಡೆಯಿತು. ಚೀಲಗಳು ಇಟ್ಟಲ್ಲಿಯೇ ಇದ್ದವು. ಹೊಳೆ ಹರಿಯುತ್ತಿತ್ತು. ಯಾರೂ ಇರಲಿಲ್ಲ. ದೊಡ್ಡಪ್ಪ ಹೊಸ್ತಿಲ ಮೇಲೆ ಒಂದು ಕಾಲಿಟ್ಟು, ಇನ್ನೊಂದನ್ನು ಎತ್ತಲಾಗದೆ ನಿಂತ. ತಿರುಗಿ ನೋಡದೆಯೇ ನನ್ನನ್ನು ಕೇಳಿದ:

"ಪದ್ದೀ, ಆವತ್ತ ನೀ ಇಲ್ಲೇ ಇದ್ದಿ ಅಲ್ಲ?"

ಅವನಿಗೆ ಹೇಗೆ ಗೊತ್ತಾಯಿತೋ. ಆ ದಿನ ಹೊಸ್ತಿಲಲ್ಲಿ ಬಿದ್ದಿದ್ದ ಹಣಿಗೆಯನ್ನು ನೋಡಿದ್ದನೇನೋ. ನೋಡಿಯೂ ಇಷ್ಟು ದಿನ ಕೇಳಿರಲಿಲ್ಲ.

"ಹೂಂ," ಎಂದೆ.

"ಏನರ ಅಂದ್ಲು?"

ಸುಳ್ಳು ಹೇಳಬಹುದಿತ್ತು. ಏನೂ ಅನ್ನಲಿಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ಮಾತನ್ನು ಒಬ್ಬಳೇ ಹೊತ್ತುಕೊಂಡು ನನಗೆ ಸಾಕಾಗಿತ್ತು.

"‘ತಡಿ ಪದ್ದಿ, ನಾ ಮೊದ್ಲ ನೋಡ್ತೀನಿ’ ಅಂದ್ಲು."

"ಮತ್ತ?"

"‘ಇವತ್ತ ಭಾಳ ಅಳ್ಳಾಡಾಕತ್ತೈತಿ. ನಿಮ್ಮ ದೊಡ್ಡಪ್ಪಗ ಹೇಳಬ್ಯಾಡ, ನಗ್ತಾರ’ ಅಂದ್ಲು."

ಕೆಳಗೆ ಒಗೆಯುವ ಕಲ್ಲಿನ ಮೇಲೆ ಕಾಗೆಯೊಂದು ಕೂತು ಹಾರಿತು.

"ಇನ್ನೊಮ್ಮೆ ಹೇಳು," ಎಂದ.

ಹೇಳಿದೆ. ಅವಳು ಹೇಳಿದ ಹಾಗೆಯೇ, ಅವಳ ದನಿಯಲ್ಲಿಯೇ ಹೇಳಿದೆ. ಮಕ್ಕಳಿಗೆ ಅದು ಬರುತ್ತದೆ. ದೊಡ್ಡಪ್ಪ ಎತ್ತಲಾರದ ಕಾಲನ್ನು ಎತ್ತಿದ. ಹಲಗೆಯ ಮೇಲೆ ಇಟ್ಟ.

"ನೀ ಕೆಳಗ ಹೋಗವಾ," ಎಂದ. ಎಂದೂ ನನ್ನನ್ನು ಅಷ್ಟು ಮೆತ್ತಗೆ ಮಾತನಾಡಿಸಿದವನಲ್ಲ. ಹೊರಗೆ ಹೋಗಿ ಬಾಗಿಲು ಎಳೆದುಕೊಂಡ.

ನಾನು ಕೆಳಗೆ ಬಂದು ಅವ್ವನ ಮೈಗೆ ಅಂಟಿಕೊಂಡು ಕೂತೆ. ಯಾರೂ ತಾಟು ಮುಟ್ಟಲಿಲ್ಲ. ಮೇಲೆ ದೊಡ್ಡಪ್ಪನ ದನಿ ಕೇಳುತ್ತಿತ್ತು. ಮಾತು ತಿಳಿಯುತ್ತಿರಲಿಲ್ಲ, ದನಿ ಮಾತ್ರ. ಸ್ವಲ್ಪ ಹೊತ್ತು ಮಾತಾಡುತ್ತಿದ್ದ, ಆಮೇಲೆ ಸುಮ್ಮನಾಗುತ್ತಿದ್ದ. ಸುಮ್ಮನಾದದ್ದು ಮಾತು ತೀರಿ ಹೋದವನ ಹಾಗಿರಲಿಲ್ಲ, ಇನ್ನೊಬ್ಬರ ಮಾತು ಕೇಳುತ್ತಿರುವವನ ಹಾಗಿತ್ತು. ನಡುನಡುವೆ "ಹೂಂ" ಎನ್ನುತ್ತಿದ್ದ. ಒಂದು ಸಲ "ಇಲ್ಲ, ಇಲ್ಲ" ಎಂದ. ಒಮ್ಮೆ ಅವನು ಅಳುತ್ತಿದ್ದಾನೆ ಎನ್ನಿಸಿತು. ಆಯಿ ಕಣ್ಣು ಮುಚ್ಚಿ ಣಮೋಕಾರ ಮಂತ್ರ ಹೇಳಿಕೊಳ್ಳತೊಡಗಿದಳು. ಅಪ್ಪ ಎದ್ದು ಮೆಟ್ಟಿಲ ತನಕ ಹೋಗಿ, ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು, ತೆಗೆದು, ಬಂದು ಕೂತ. ಝುಣಕದ ಮೇಲೆ ಕೆನೆಗಟ್ಟಿತು.

ಬಿಸಿಲು ಪಡಸಾಲೆಯ ಕಂಬ ದಾಟಿದ ಮೇಲೆ ದೊಡ್ಡಪ್ಪ ಇಳಿದು ಬಂದ. ಕಣ್ಣು ಕೆಂಪಾಗಿದ್ದವು, ಮುಖ ಮಾತ್ರ ಹಗುರಾಗಿತ್ತು. ಬಚ್ಚಲಿಗೆ ಹೋಗಿ ಕಾಲು ತೊಳೆದು, ತನ್ನ ತಾಟಿನ ಮುಂದೆ ಕೂತು, ಆರಿದ ರೊಟ್ಟಿ ಮುರಿದ. ಅವ್ವ ನೀರಿನ ತಂಬಿಗೆ ಅವನ ಪಕ್ಕಕ್ಕೆ ಸರಿಸಿದಳು.

"ಯಾರ ಜೋಡಿ ಮಾತಾಡಾಕತ್ತಿದ್ರಿ, ಭಾವಾ?"

ದೊಡ್ಡಪ್ಪ ಬಾಯಲ್ಲಿದ್ದ ತುತ್ತನ್ನು ಅಗಿದು ನುಂಗಿದ.

"ಉಸುಕಿನ ಚೀಲ ಇಳಸ್ರಿ," ಎಂದ. "ಇಬ್ಬರ ಭಾರ ತಡದೈತಿ."